ಎದುರುಮನೆಯ ಸಿಂಧೂವಹಿನಿ ಮತ್ತು ನನ್ನ ಹೊಟ್ಟೆಕಿಚ್ಚು

ಹೋದ ಜನವರಿಯಲ್ಲಿ ಒಂದು ಮದುವೆಗೆಂದು ನಾನೂ ನನ್ನ ಮಗಳು ಸುಮಾಳೂ ನಾಸಿಕಕ್ಕೆ ಹೋಗಿದ್ದೆವು. ಪಂಚವಟಿಯ ಗಲ್ಲಿಯೊಂದರಲ್ಲಿ ನಮ್ಮ ಆಟೋ ಸಿಕ್ಕಿಕೊಂಡಿತು. ಮುಂದೆ ಬಾಳೆಹಣ್ಣಿನ ಕೈಗಾಡಿ, ಹಿಂದೆ ಯಾತ್ರಿಕರ ಗುಂಪು. ಪಕ್ಕದ ಅಂಗಡಿಯ ಒಳಗೆ ಯಾರೋ ಕೆಂಡದ ಮೇಲೆ ಪರಾತ, ಅಂದರೆ ಹಿತ್ತಾಳೆಯ ಅಗಲ ತಟ್ಟೆ, ಇಟ್ಟುಕೊಂಡು ಸಕ್ಕರೆ ಪಾಕ ಹನಿಸುತ್ತಿದ್ದರು. ಇದ್ದಿಲಿನ ಬಿಸಿ, ಸಕ್ಕರೆ, ಸ್ವಲ್ಪ ಏಲಕ್ಕಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹೊಟ್ಟೆಯೊಳಗೆ ಚುರ್ ಎಂದಿತು.

"ಕಾಯ್ ಝಾಲಂ, ಅವ್ವಾ? ಮುಖ ಯಾಕ ಹಂಗ ಮಾಡ್ಲತ್ತಿ?" ಎಂದಳು ಸುಮಾ.

"ಏನಿಲ್ಲವ್ವ. ನನ್ನ ಹಳೇ ಹೊಟ್ಟಿಕಿಚ್ಚಿನ ವಾಸನಿ ಬಂತು."

ಸುಮಾ ನಕ್ಕು, ಕೈಚೀಲದಿಂದ ಆಸಿಡಿಟಿಯ ಗುಳಿಗೆ ತೆಗೆದುಕೊಟ್ಟಳು. ನಾನೂ ಸುಮ್ಮನೆ ನುಂಗಿದೆ. ಆ ಉರಿಗೆ ಕಾರಣ ಅವಳೇ ಎಂದು ಅರವತ್ತರ ಹತ್ತಿರ ಬಂದ ಮಗಳಿಗೆ ಆಟೋದಲ್ಲಿ ಕೂತು ಹೇಗೆ ಹೇಳುವುದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತೊಂಬತ್ತನೇ ಇಸವಿಯ ದೀಪಾವಳಿಯಿಂದ ಮುಂದಿನ ಫೆಬ್ರುವರಿಯವರೆಗಿನ ಮೂರು ತಿಂಗಳ ಮಾತು ಇದು. ನನಗಾಗ ಇಪ್ಪತ್ತಮೂರು. ನಮ್ಮವರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಆರಕ್ಕೆ ಕಾರ್ಖಾನೆಯ ಬಸ್ಸು ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚಿದ ಮೇಲೆಯೇ. ಪಂಚವಟಿಯ ಒಂದು ಹಳೆಯ ವಾಡೆಯಲ್ಲಿ ನಮ್ಮ ಎರಡು ಕೋಣೆಯ ಬಿಡಾರ. ವಾಡೆಯೆಂದರೆ ನಡುವೆ ಕಲ್ಲು ಹಾಸಿದ ಅಂಗಳ, ಸುತ್ತ ಏಳೆಂಟು ಸಂಸಾರ, ಎಲ್ಲರಿಗೂ ಸೇರಿ ಒಂದು ನಲ್ಲಿ, ಆ ನಲ್ಲಿಯ ಮುಂದೆ ದಿನಾ ಒಂದು ಜಗಳ. ಮಗ ಶರಣು ಹುಟ್ಟುವ ಮುಂಚೆ ತವರಿಗೆಂದು ಭಾಲ್ಕಿಗೆ ಹೋಗಿದ್ದವಳು ಐದು ತಿಂಗಳು ಅಲ್ಲೇ ಇದ್ದು, ದೀಪಾವಳಿಯ ಹೊತ್ತಿಗೆ ತಿರುಗಿ ಬಂದಿದ್ದೆ. ಕಂಕುಳಲ್ಲಿ ಮೂರು ತಿಂಗಳ ಶರಣು, ಕೈಯಲ್ಲಿ ಎರಡೂವರೆ ವರ್ಷದ ಸುಮಾ.

ನಮ್ಮ ಬಾಗಿಲಿಗೆ ನೇರ ಎದುರು ಸಿಂಧೂವಹಿನಿಯ ಬಾಗಿಲು. ವಹಿನಿ ಎಂದರೆ ಮರಾಠಿಯಲ್ಲಿ ಅತ್ತಿಗೆ. ನಡುವೆ ಹದಿನಾಲ್ಕು ಹೆಜ್ಜೆ. ಎಣಿಸಿದ್ದೇನೆ, ಆದ್ದರಿಂದ ಗೊತ್ತು. ವಹಿನಿಗೆ ಮೂವತ್ತೈದರ ಆಸುಪಾಸು. ಗಂಡ ನಗರಪಾಲಿಕೆಯಲ್ಲಿ ಗುಮಾಸ್ತ, ಪಾಪದ ಮನುಷ್ಯ, ಮಾತಿಗಿಂತ ಕೆಮ್ಮು ಜಾಸ್ತಿ. ಮದುವೆಯಾಗಿ ಹದಿನಾರು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ವಹಿನಿಯದು ದೊಡ್ಡ ದನಿ, ದೊಡ್ಡ ನಗು, ಕೆಲಸಕ್ಕೆ ನಿಂತರೆ ಕೈ ಕಾಣುತ್ತಿರಲಿಲ್ಲ. ವಾಡೆಯ ಯಾರಿಗೆ ಏನು ಬೇಕಾದರೂ ಮೊದಲು ಹೋಗುತ್ತಿದ್ದದ್ದು ಆ ಬಾಗಿಲಿಗೇ. ನನಗೂ ಅವರನ್ನು ಕಂಡರೆ ಇಷ್ಟವೇ ಇತ್ತು, ದೀಪಾವಳಿಯವರೆಗೆ.

ಮೊದಲ ಪೆಟ್ಟು ಕೊಟ್ಟದ್ದು ಮನೀ. ಅದು ನನ್ನ ಬೆಕ್ಕು. ಹಿಂದಿನ ಮಳೆಗಾಲದಲ್ಲಿ ಗಟಾರದಿಂದ ಎತ್ತಿಕೊಂಡು ಬಂದು, ನನ್ನ ಚಹಾದ ಹಾಲು ಉಳಿಸಿ ಸಾಕಿದ್ದೆ. ನಾನು ಭಾಲ್ಕಿಯಲ್ಲಿದ್ದ ಐದು ತಿಂಗಳು ಅದಕ್ಕೆ ಹಾಲು ಹಾಕಿದವರು ವಹಿನಿ. ತಿರುಗಿ ಬಂದ ದಿನ ನಾನು "ಮನೀ, ಮನೀ" ಎಂದು ಕರೆದರೆ ಅದು ಬಂದು ನನ್ನ ಕಾಲು ಮೂಸಿ, ಬಾಲ ನಿಗುರಿಸಿಕೊಂಡು ಎದುರುಮನೆಗೆ ನಡೆಯಿತು. ವಾರದೊಳಗೆ ವಹಿನಿಯ ಟ್ರಂಕಿನಲ್ಲಿ, ಅವರ ಮದುವೆಯ ಶಾಲಿನ ಮೇಲೆ ಮೂರು ಮರಿ ಹಾಕಿತು. ವಹಿನಿ ಬೈಯಲಿಲ್ಲ, ಆ ಟ್ರಂಕನ್ನೇ ಬಾಣಂತಿಗೆ ಬಿಟ್ಟುಕೊಟ್ಟರು.

ನಮ್ಮವರು ಬಂದ ಕೂಡಲೇ ದೂರು ಹೇಳಿದೆ. "ನೋಡ್ರಿ, ನಮ್ಮ ಹಾಲು ಕುಡ್ದು ಅವರ ಮನ್ಯಾಗ ಹಡದಾದ."

"ಬೆಕ್ಕಿಗಿ ಏನು ರೇಶನ್ ಕಾರ್ಡ್ ಅದ ಏನೇ, ಇಂಥಾ ಮನ್ಯಾಗೇ ಇರಬೇಕಂತ?" ಎಂದು ಅವರು ಕೈಕಾಲು ತೊಳೆಯಲು ಹೋದರು.

ಬೆಕ್ಕಿನ ಹಿಂದೆ ಸುಮಾ ಹೋದಳು. ಕಣ್ಣು ಬಿಡದ ಮೂರು ಮರಿ ಎದುರುಮನೆಯಲ್ಲಿರುವಾಗ ಯಾವ ಕೂಸು ತನ್ನ ಮನೆಯಲ್ಲಿ ನಿಲ್ಲುತ್ತದೆ? ನನಗೂ ಆಗ ಹೋದರೆ ಹೋಗಲಿ ಎನ್ನಿಸಿತ್ತು. ಆ ವರ್ಷ ಗೋದಾವರಿಯ ಮೇಲಿನ ಥಂಡಿ ಗಾಳಿ ಬಲು ಜೋರಿತ್ತು. ಶರಣುವಿಗೆ ಎದೆಯಲ್ಲಿ ಕಫ ಕಟ್ಟಿ ಗುರುಗುರು ಎನ್ನುತ್ತಿತ್ತು. ಅವನನ್ನು ಹೆಗಲ ಮೇಲೆ ಹಾಕಿಕೊಂಡೇ ರೊಟ್ಟಿ ಬಡಿಯುವುದು, ಹೆಗಲ ಮೇಲೆ ಹಾಕಿಕೊಂಡೇ ನಿದ್ದೆ. ಸುಮಾಳ ತಲೆ ಬಾಚಲೂ ಕೈ ಬಿಡುವಿರಲಿಲ್ಲ. ವಹಿನಿ ಅವಳ ತಲೆ ಬಾಚಿದರು, ಎರೆದರು, ಉಣ್ಣಿಸಿದರು. ಒಂದು ತಿಂಗಳು ನಾನು ಅವರ ಉಪಕಾರವನ್ನು ಎರಡೂ ಕೈಯಿಂದ ತೆಗೆದುಕೊಂಡೆ. ಡಿಸೆಂಬರಿನಲ್ಲಿ ಶರಣು ಸುಧಾರಿಸಿದ. ನಾನು ತಲೆಯೆತ್ತಿ ನೋಡಿದಾಗ ಸುಮಾ ನನ್ನ ಮನೆಯಲ್ಲಿರಲಿಲ್ಲ.

ಒಂದು ಮಧ್ಯಾಹ್ನ ಅವಳನ್ನು ಕೂಡಿಸಿಕೊಂಡು ಹಾಲಿನಲ್ಲಿ ರೊಟ್ಟಿ ಮುರಿದು ಬಾಯಿಗಿಟ್ಟೆ. ತುಟಿ ಬಿಗಿಹಿಡಿದಳು.

"ಕಾಕೂಚಿ ಭಾಕರಿ," ಎಂದಳು. ಕಾಕೂ ಎಂದರೆ ಚಿಕ್ಕಮ್ಮ, ವಹಿನಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ. ಕಾಕೂನ ಭಾಕರಿ ಬೇಕಂತೆ.

ಅದೇ ಜೋಳ, ಅದೇ ಗಿರಣಿ, ಅದೇ ನಲ್ಲಿಯ ನೀರು. ನಾನು ಮಾಡಿದರೆ ರೊಟ್ಟಿ, ಅವರು ಮಾಡಿದರೆ ಭಾಕರಿ, ಅಷ್ಟೇ ಫರಕು. ಹಟಕ್ಕೆ ಬಿದ್ದು ಎದುರುಮನೆಗೆ ಹೋಗಿ ಅವರ ಒಂದು ಭಾಕರಿ ಕೇಳಿ ತಂದೆ. ನನ್ನದನ್ನೂ ಅದನ್ನೂ ಒಂದೇ ತಟ್ಟೆಯಲ್ಲಿ ಮುರಿದು ಕಲಸಿಟ್ಟೆ. ಸುಮಾ ಎರಡನ್ನೂ ಉಂಡಳು. ಗೆದ್ದೆ ಎಂದುಕೊಂಡೆ. ಮರುದಿನ ನನ್ನದನ್ನಷ್ಟೇ ಇಟ್ಟೆ, ಮತ್ತೆ ತುಟಿ ಬಿಗಿದಳು. ನಾಲಿಗೆಗೆ ಗೊತ್ತಾಗದ ಫರಕು ಆ ಕೂಸಿಗೆ ಎಲ್ಲಿಂದ ಗೊತ್ತಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು.

ಅದಾದ ಮೂರು ನಾಲ್ಕು ದಿನಕ್ಕೆ ಸುಮಾ ಅಂಗಳದಲ್ಲಿ ಮರಿಗಳ ಹಿಂದೆ ಓಡುತ್ತ ಕಲ್ಲಿಗೆ ಎಡವಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ನಾನು ನಲ್ಲಿಯ ಹತ್ತಿರವೇ ಕೂತು ಬಟ್ಟೆ ಒಗೆಯುತ್ತಿದ್ದೆ. ಒದ್ದೆ ಕೈಯಲ್ಲೇ ಎರಡೂ ತೋಳು ಚಾಚಿದೆ. ಸುಮಾ ಎದ್ದಳು, ನನ್ನನ್ನು ನೋಡಿದಳು, ನನ್ನ ಪಕ್ಕದಿಂದ ಓಡಿ "ಕಾಕೂ" ಎಂದು ಅಳುತ್ತ ಆ ಬಾಗಿಲೊಳಗೆ ಹೋದಳು. ನನ್ನ ತೋಳುಗಳು ಹಾಗೇ ಚಾಚಿಕೊಂಡಿದ್ದವು. ನಲ್ಲಿಯ ಹತ್ತಿರ ನಾಲ್ಕು ಜನ ಹೆಂಗಸರಿದ್ದರು, ನಾಲ್ವರೂ ನೋಡಿದರು. ಒಬ್ಬಾಕೆ, ಪಾಪ, ಸಮಾಧಾನಕ್ಕೆಂದು, "ಮಕ್ಕಳಿಗೇನು ತಿಳೀತದ," ಎಂದಳು. ಮಕ್ಕಳಿಗೆ ತಿಳಿಯುತ್ತದೆ ಎಂಬುದೇ ನನ್ನ ಹೊಟ್ಟೆ ಉರಿಯಲು ಕಾರಣ ಎಂದು ಅವಳಿಗೆ ಹೇಳಲಾದೀತೆ?

ನನ್ನ ಮಡಿಲಲ್ಲಿ ಒಂದಿತ್ತು, ಅವರ ಮಡಿಲು ಖಾಲಿ. ಹೊಟ್ಟೆಕಿಚ್ಚು ಪಡಬೇಕಾದವರು ಅವರು. ಹೀಗೆಂದು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಷ್ಟೂ ಉರಿ ಹೆಚ್ಚುತ್ತಿತ್ತು.

ಆಗಲೇ ವಹಿನಿ ಸಂಕ್ರಾಂತಿಯ ಮಾತು ತೆಗೆದರು. ಮರಾಠಿಯವರಲ್ಲಿ ಬೋರನ್ಹಾಣ ಎಂದು ಮಾಡುತ್ತಾರೆ. ಚಿಕ್ಕ ಮಕ್ಕಳಿಗೆ ಕರಿ ಬಟ್ಟೆ ತೊಡಿಸಿ, ಸಕ್ಕರೆ ಕಾಳಿನ ಒಡವೆ ಹಾಕಿ, ಮಣೆಯ ಮೇಲೆ ಕೂಡಿಸಿ, ಬೋರೆಹಣ್ಣು, ಕಬ್ಬಿನ ತುಂಡು, ಚುರುಮುರಿ ಎಲ್ಲ ಕಲಸಿ ತಲೆಯ ಮೇಲಿಂದ ಸುರಿಯುತ್ತಾರೆ. ಸುತ್ತಲಿನ ಹುಡುಗರು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ನಮ್ಮ ಕಡೆಯೂ ಸಂಕ್ರಾಂತಿಯ ಮರುದಿನ ಕೂಸುಗಳಿಗೆ ಹೀಗೇ ಕರಿ ಎರೆಯುವುದುಂಟು. ಆದರೆ ಒಡವೆಯ ಸಡಗರ, ಕರಿ ಬಟ್ಟೆ ಇವೆಲ್ಲ ನನಗೆ ಹೊಸತು.

"ನೀಲಾ, ಈ ಸಲ ಬೋರನ್ಹಾಣ ಮಾಡೋಣು. ನೀ ಏನೂ ತ್ರಾಸ ತಗೋಬ್ಯಾಡ, ಎಲ್ಲಾ ನನಗ ಬಿಡು," ಎಂದರು ವಹಿನಿ. ಅವರು ಹೇಳಿದ್ದು ಮರಾಠಿಯಲ್ಲಿ. ಐವತ್ತು ವರ್ಷದಿಂದ ಅವರು ನನ್ನ ನೆನಪಿನಲ್ಲಿ ನನ್ನ ಮಾತಿನಲ್ಲೇ ಮಾತಾಡುತ್ತಾರೆ, ಹಾಗೇ ಬರೆಯುತ್ತೇನೆ. ಸುಮಾ ಅವರ ತೊಡೆಯ ಮೇಲೆ ಕೂತು ಅವರ ಹಸಿರು ಬಳೆ ಎಣಿಸುತ್ತಿದ್ದಳು. ಎಲ್ಲಾ ನನಗ ಬಿಡು ಎಂಬ ಮಾತು ನನ್ನ ಎದೆಗೆ ನಾಟಿತು. ಆಯಿತು ಎಂದು ತಲೆಯಾಡಿಸಿದೆ.

ಆ ಸಕ್ಕರೆ ಕಾಳನ್ನು ಅವರು ಕೊಂಡು ತರಲಿಲ್ಲ, ಕೈಯಾರೆ ಮಾಡಿದರು. ಸಣ್ಣ ಕೆಂಡದ ಮೇಲೆ ಪರಾತ, ಅದರಲ್ಲಿ ಒಂದು ಹಿಡಿ ಸಾಬೂದಾಣಿ, ಅಂದರೆ ಸಬ್ಬಕ್ಕಿ, ಮೇಲೆ ಚಮಚದಿಂದ ಹನಿ ಹನಿ ಪಾಕ. ಬೆರಳ ತುದಿಯಿಂದ ಮೆಲ್ಲಗೆ ಆಡಿಸುತ್ತಿರಬೇಕು. ಬೆರಳು ಸುಡುತ್ತದೆ, ಆದರೂ ಕೈ ತೆಗೆಯುವಂತಿಲ್ಲ. ಹೀಗೆ ದಿನಾ ಎರಡು ತಾಸಿನಂತೆ ಐದಾರು ದಿನ ಮಾಡಿದರೆ ಕಾಳಿನ ಸುತ್ತ ಬೆಳ್ಳನೆಯ ಸಣ್ಣ ಮುಳ್ಳು ಏಳುತ್ತವೆ. ಮುಳ್ಳು ಎದ್ದರೇ ಚೆಂದ. ವಾಡೆಯ ಹೆಂಗಸರು ಬಂದು ನೋಡಿ, ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ಹೊಗಳುತ್ತಿದ್ದರು. ಮುಚ್ಚಿಟ್ಟು ಫಲವೇನು, ನಾನೂ ಒಂದು ದಿನ ಬಾಗಿಲು ಹಾಕಿಕೊಂಡು ಮಾಡಿ ನೋಡಿದೆ. ಅರ್ಧ ತಾಸಿನಲ್ಲಿ ಎಲ್ಲ ಸೇರಿ ಒಂದೇ ಉಂಡೆಯಾಗಿ ಪರಾತಕ್ಕೆ ಅಂಟಿತು. ಸಂಜೆ ನಮ್ಮವರು ಅದನ್ನು ಕಟಕಟ ಕಡಿಯುತ್ತ, "ಚಲೋ ಆಗ್ಯಾದ. ಏನಿದು?" ಎಂದರು.

ಸಂಕ್ರಾಂತಿಗೆ ನಾಲ್ಕು ದಿನವಿತ್ತು. ಹಾಲಿನವನು ಹೊಸಬ. ಅಂಗಳದಲ್ಲಿ ಹಾಲು ಅಳೆಯುತ್ತ, ವಹಿನಿಯ ಸೊಂಟದ ಮೇಲಿದ್ದ ಸುಮಾಳ ಗಲ್ಲ ಹಿಂಡಿ, "ಬಾಯಿ, ನಿಮ್ಮ ಮಗಳು ಥೇಟ್ ನಿಮ್ಮಂಗೇ ಅದಾಳ," ಎಂದ. ವಹಿನಿ ಕೆಂಪಗಾದರು. ಅವರು ಅಲ್ಲ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡರು ಎಂಬುದನ್ನು ನಾನು ನನ್ನ ಹೊಸ್ತಿಲಲ್ಲಿ ನಿಂತು ನೋಡಿದೆ. ಒಂದು ಉಸಿರಿನಷ್ಟೇ ಹೊತ್ತು. ಆಮೇಲೆ, "ಅಲ್ಲಪ್ಪ, ಆಕಿ ಅವರವಳು," ಎಂದು ನನ್ನ ಕಡೆ ಕೈ ಮಾಡಿದರು. ಆ ಒಂದು ಉಸಿರನ್ನು ನಾನು ಕ್ಷಮಿಸಲಿಲ್ಲ.

ಅಂದೇ ಸಂಜೆ ನಮ್ಮವರಿಗೆ ಹೇಳಿದೆ. "ಸಂಕ್ರಾಂತಿಗಿ ನಾ ಅಕ್ಕನ ಮನೀಗಿ ಹೋಗ್ತೀನಿ. ಕೂಸುಗೋಳ್ನ ಕರ್ಕೊಂಡು."

"ಎದುರುಮನ್ಯಾಗ ಏನೇನೋ ತಯಾರಿ ನಡದಾದಲ್ಲ? ಇಪ್ಪತ್ತು ಮಂದಿ ಹೆಣ್ಮಕ್ಕಳಿಗಿ ಹೇಳ್ಯಾರಂತ."

"ಹಬ್ಬದ ದಿನ ನನ್ನ ಮಗಳಿಗಿ ಕರಿ ಅಂಗಿ ತೊಡಸ್ತಾರಂತ. ನಮ್ಮಲ್ಲಿ ಅದು ಚಲೋ ಅಲ್ಲ."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಕರಿ ಅಂಗಿಯ ಮಾತು ನೆಪವೆಂದು ಅವರಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು. "ಅವರಿಗರ ಒಂದ್ ಮಾತು ಹೇಳು," ಎಂದಷ್ಟೇ ಅಂದರು. ನಾನು ಹೇಳಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ವಹಿನಿ ನದಿಗೆ ಹೋದ ಹೊತ್ತು ನೋಡಿ, ಮೂಲೆಮನೆಯ ಆಜಿಗೆ, "ಔರಂಗಾಬಾದಿಗೆ ಹೋಗಿ ಬರ್ತೀವಿ," ಎಂದು ಹೇಳಿ ಹೊರಟುಬಿಟ್ಟೆ. ನಮ್ಮ ಲೆಕ್ಕದಲ್ಲಿ ಕರಿ ಎರೆಯುವುದು ಹಬ್ಬದ ಮರುದಿನ. ಆ ದಿನ ಕಳೆಯಿತೆಂದರೆ ಮುಂದಿನ ವರ್ಷದ ಮಾತು. ಹತ್ತು ದಿನ ಕಳೆದು ಬಂದರೆ ಯಾವ ಬೋರನ್ಹಾಣವೂ ಇರುವುದಿಲ್ಲ ಎಂದು ನಾನು ಬಲು ಬುದ್ಧಿವಂತಿಕೆಯಿಂದ ಲೆಕ್ಕ ಹಾಕಿದ್ದೆ.

ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸುಮಾ, ಮಡಿಲಲ್ಲಿ ಶರಣು. ನಿಫಾಡದ ಹತ್ತಿರ ದ್ರಾಕ್ಷಿ ಚಪ್ಪರಗಳಲ್ಲಿ ಹೆಣ್ಣಾಳುಗಳು ಕತ್ತರಿ ಹಿಡಿದು ಗೊಂಚಲಿನ ಕಾಯಿ ಉದುರಿಸುತ್ತಿದ್ದರು. ಮುಂದೆ ಲಾಸಲಗಾಂವ್ ಪೇಟೆಗೆ ಈರುಳ್ಳಿ ಹೇರಿಕೊಂಡು ಹೊರಟ ಬಂಡಿಗಳ ಸಾಲು, ಬಸ್ಸೆಲ್ಲ ಈರುಳ್ಳಿ ವಾಸನೆ. ನನಗೆ ಹಾಡು ಹೇಳಬೇಕೆನಿಸುವಷ್ಟು ಖುಷಿ. ಮಗಳು ನನ್ನ ಪಕ್ಕದಲ್ಲಿದ್ದಳು, ನಡುವೆ ಯಾರೂ ಇರಲಿಲ್ಲ. ಯೇವಲೆ ದಾಟುವವರೆಗೆ ಸುಮಾಳೂ ಎತ್ತು, ಬಂಡಿ ಎಂದು ತೋರಿಸುತ್ತಿದ್ದಳು. ಆಮೇಲೆ ಕಾಕೂ ಎಲ್ಲಿ ಎಂದು ಕೇಳಿದಳು, "ಕಾಕೂ ಕುಠೆ?"

"ಕಾಕೂ ಊರಿಗಿ ಹೋಗ್ಯಾರ," ಎಂದೆ. ಊರು ಬಿಟ್ಟು ಓಡುತ್ತಿದ್ದವಳು ನಾನು.

ಔರಂಗಾಬಾದಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿದೆ. ಅಲ್ಲಿ ಗುಲಮಂಡಿಯ ಹಿಂದಿನ ಓಣಿಯಲ್ಲಿ ನಮ್ಮ ಅಕ್ಕನ ಮನೆ. ಭಾವ ಕಲಬುರಗಿಯ ಕಡೆಯವರು, ಬಟ್ಟೆ ವ್ಯಾಪಾರ. ಅಕ್ಕ ಸಂತೋಷಪಟ್ಟಳು. ನಾನು ಒಂದು ಹಟ ಹಿಡಿದೆ, ಇಲ್ಲೇ ನಾನೇ ಸುಮಾಗೆ ಕರಿ ಎರೆಯುತ್ತೇನೆ ಎಂದು. ಬೋರೆಹಣ್ಣು, ಚುರುಮುರಿ, ಪೇಟೆಯಿಂದ ಒಂದು ಸಕ್ಕರೆ ಹಾರ ಎಲ್ಲ ತರಿಸಿದೆ. ಅಕ್ಕನ ಓಣಿಯ ಹುಡುಗರನ್ನು ಕರೆದೆ. ಸುಮಾ ಮಣೆಯ ಮೇಲೆ ಕೂರಲೊಲ್ಲಳು. ಎಳೆದು ಕೂಡಿಸಿ ಸುರಿದೆ. ಒಂದು ಗಟ್ಟಿ ಬೋರೆಹಣ್ಣು ಅವಳ ಮೂಗಿನ ಮೇಲೆಯೇ ಬಿತ್ತು. ಗುರುತಿಲ್ಲದ ಹುಡುಗರು ಮೈಮೇಲೆ ಮುಗಿಬಿದ್ದರು. ಸುಮಾ ಸಕ್ಕರೆ ಹಾರ ಕಿತ್ತೆಸೆದು, ಉಸಿರು ಕಟ್ಟುವ ಹಾಗೆ, "ಕಾಕೂ, ಕಾಕೂ" ಎಂದು ಕಿರುಚಿದಳು.

"ಯಾರಾಕಿ ಕಾಕೂ?" ಎಂದು ಅಕ್ಕ ಕೇಳಿದಳು.

ಎಲ್ಲ ಹೇಳಿದೆ. ಬೆಕ್ಕಿನಿಂದ ಹಿಡಿದು ಹಾಲಿನವನವರೆಗೆ ಹೇಳಿದೆ. ಅಕ್ಕ ನನ್ನ ಪರವಾಗಿ ನಾಲ್ಕು ಮಾತಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಚೆಲ್ಲಿದ ಚುರುಮುರಿ ಗುಡಿಸುತ್ತ ಅಂದಳು, "ನೀ ಸೇಡು ತೀರ್ಸ್ಕೊಂಡಿದ್ದು ಯಾರ ಮ್ಯಾಲ? ಆಕಿ ಮ್ಯಾಲೋ, ಈ ಕೂಸಿನ ಮ್ಯಾಲೋ?"

ಆ ರಾತ್ರಿಯಿಂದ ಸುಮಾಗೆ ಮೂರು ದಿನ ಜ್ವರ. ಔಷಧಿಗೆ ಇಳಿಯಿತು, ಆದರೆ ಕೂಸು ಮಂಕಾಯಿತು. ಹತ್ತನೆಯ ದಿನ ವಾಪಸು ಹೊರಟಾಗ ಬಸ್ಸಿನಲ್ಲಿ ಅವಳು ಎತ್ತನ್ನೂ ತೋರಿಸಲಿಲ್ಲ, ಬಂಡಿಯನ್ನೂ ತೋರಿಸಲಿಲ್ಲ.

ವಾಡೆಯ ಬಾಗಿಲಲ್ಲೇ ಮೂಲೆಮನೆಯ ಆಜಿ ಸಿಕ್ಕರು. "ಬಂದೀ ಏನವ್ವ? ಅಕ್ಕ ಹೆಂಗಿದಾಳ ಈಗ?" ಎಂದರು.

"ಅಕ್ಕಗ ಏನಾಗ್ಯಾದ? ಆರಾಮ ಇದಾಳ."

"ದೇವರು ದೊಡ್ಡಾಂವ. ಸಿಂಧೂ ಹೇಳಿದ್ಲು, ನಿನ್ನ ಅಕ್ಕಗ ಭಾಳ ಜ್ವರ ಬಂದಾವ, ತಾರು ಬಂತು, ಪಾಪ ನಿಂತ ಕಾಲ ಮ್ಯಾಲ ಹೋದ್ಲು ಅಂತ. ಬಂದ ಹೆಣ್ಮಕ್ಕಳಿಗೆಲ್ಲ ಹಂಗೇ ಹೇಳಿ, ಅರಿಶಿಣ ಕುಂಕುಮ ಕೊಟ್ಟು ಕಳಿಸಿದ್ಲು. ಆಗಲಿ ಬಿಡು, ರಥಸಪ್ತಮಿ ತನಕಾ ವ್ಯಾಳ್ಯಾ ಅದ. ಈಗ ಮಾಡಿದರಾಯ್ತು ಬೋರನ್ಹಾಣ."

ನಾನು ಅಲ್ಲೇ ನಿಂತೆ. ಇವರಲ್ಲಿ ರಥಸಪ್ತಮಿಯವರೆಗೂ ಮಾಡುತ್ತಾರಂತೆ. ನನ್ನ ಹತ್ತು ದಿನದ ಲೆಕ್ಕ, ನನ್ನ ಓಟ, ಕೂಸಿನ ಜ್ವರ ಎಲ್ಲ ನೀರಿನಲ್ಲಿ ಹೋಮ. ಅದಕ್ಕಿಂತ ಸುಟ್ಟದ್ದು ಆ ಸುಳ್ಳು. ಇಪ್ಪತ್ತು ಹೆಂಗಸರ ಮುಂದೆ ನನ್ನ ಮಾನ ಉಳಿಸಲು ವಹಿನಿ ಸುಳ್ಳು ಹೇಳಿದ್ದರು. ನಾಚಿಕೆಯಾಯಿತೇ ಎಂದರೆ, ಆಯಿತು. ಆದರೆ ನಿಜ ಹೇಳಬೇಕೆಂದರೆ, ನಾಚಿಕೆಗಿಂತ ಮೊದಲು ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ಒಳ್ಳೆಯತನದಲ್ಲೂ ಈಕೆ ನನ್ನನ್ನು ಹಿಂದೆ ಹಾಕಿಬಿಟ್ಟಳಲ್ಲ ಎಂದು.

ಅಷ್ಟರಲ್ಲಿ ಸುಮಾ ನನ್ನ ಕೈ ಬಿಡಿಸಿಕೊಂಡು ಹದಿನಾಲ್ಕು ಹೆಜ್ಜೆ ಓಡಿದ್ದಳು. ವಹಿನಿ ಬಾಗಿಲಲ್ಲಿ ಕಾಣಿಸಿದರು. ಸೋತು ಹೋಗಿದ್ದರು. ಸುಮಾಳ ತಲೆ ಸವರಿದರು, ಮೈ ಮುಟ್ಟಿ ನೋಡಿದರು. ಎತ್ತಿಕೊಳ್ಳಲಿಲ್ಲ. "ಮನೀಗಿ ಹೋಗು ಬಾಳಾ. ಅವ್ವ ದಾರಿ ನೋಡ್ಲತ್ತಾಳ," ಎಂದು ನನ್ನ ಕಡೆ ತಿರುಗಿಸಿ ನಿಲ್ಲಿಸಿ, ಬಾಗಿಲು ಮುಂದೆ ಮಾಡಿದರು.

ಎರಡು ವಾರ ಹೀಗೇ ನಡೆಯಿತು. ವಹಿನಿ ಜಗಳ ಆಡಲಿಲ್ಲ, ಮುಖ ತಿರುಗಿಸಲಿಲ್ಲ. ನಲ್ಲಿಯ ಹತ್ತಿರ ಸಿಕ್ಕರೆ ಶರಣುವಿನ ಕೆಮ್ಮು ವಿಚಾರಿಸುತ್ತಿದ್ದರು. ಸುಮಾ ಬಂದರೆ ಮಾತ್ರ ಹೊಸ್ತಿಲಿಂದಲೇ ತಿರುಗಿ ಕಳಿಸುತ್ತಿದ್ದರು. ಸುಮಾ ಕೆಲವು ದಿನ ಆ ಹೊಸ್ತಿಲ ಮೇಲೆ ಕೂತಳು. ಆಮೇಲೆ ಕೂರುವುದನ್ನೂ ಬಿಟ್ಟು ನನ್ನ ಹತ್ತಿರ ಬಂದಳು. ನಾನು ಕೊಟ್ಟ ರೊಟ್ಟಿ ತಿಂದಳು, ನಾನು ಕೂಡಿಸಿದಲ್ಲಿ ಕೂತಳು. ಮಾತು ಕಡಿಮೆಯಾಯಿತು. ನನಗೆ ಬೇಕಾದದ್ದು ಸಿಕ್ಕಿತ್ತು. ಇದನ್ನೇ ಬೇಡಿಕೊಂಡಿದ್ದೆನೇ ಎಂದು ನನಗೇ ಭಯವಾಗುತ್ತಿತ್ತು.

"ಗೆದ್ದೆಲ್ಲ?" ಎಂದರು ಒಂದು ಸಂಜೆ ನಮ್ಮವರು, ಮಂಕಾಗಿ ಕೂತ ಮಗಳನ್ನು ನೋಡಿ. ಅವರು ಕುಟುಕಿ ಮಾತಾಡುವ ಮನುಷ್ಯರಲ್ಲ. ಅದಕ್ಕೇ ಆ ಮಾತು ತಾಗಿತು.

ರಥಸಪ್ತಮಿಗೆ ಎರಡು ದಿನವಿರುವಾಗ ನಾನೇ ಹೋದೆ. ವಹಿನಿ ಅಕ್ಕಿ ಆರಿಸುತ್ತಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ, ಅಂದರೆ ಹದಿನಾಲ್ಕು ಹೆಜ್ಜೆ, ಜೋಡಿಸಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಬೋರನ್ಹಾಣ ಮಾಡ್ರಿ, ವಹಿನಿ," ಎಂದೆ.

ಅವರು ಮೊರ ಕೆಳಗಿಟ್ಟು ಒಳಗೆ ಹೋಗಿ ಒಂದು ಡಬ್ಬಿ ತಂದರು. ಹತ್ತಿಯಲ್ಲಿ ಸುತ್ತಿದ ಸಕ್ಕರೆ ಒಡವೆಗಳು. ಬಳೆ, ತೋಳಬಂದಿ, ಹಾರ, ಹಣೆಯ ಬಿಂದಿ. ಅವುಗಳ ಕೆಳಗೆ ಇನ್ನೊಂದು ಪುಟ್ಟ ಜೊತೆ, ಅಂಗೈಯಗಲದ ಒಂದು ಕಿರೀಟ.

"ಇದು ಯಾರಿಗ್ರಿ?"

"ಯಾರಿಗಂದ್ರ? ಶರಣೂಗ. ಅವನ ಮೊದಲನೇ ಸಂಕ್ರಾಂತಿ ಅಲ್ಲ ಇದು? ನಿನ್ನ ತೊಡಿ ಮ್ಯಾಲ ಅಂವ, ನನ್ನ ತೊಡಿ ಮ್ಯಾಲ ಸುಮಾ, ಇಬ್ಬರಿಗೂ ಕೂಡೇ ಮಾಡಬೇಕಂತ ಇತ್ತು."

ಮೊದಲ ಸಂಕ್ರಾಂತಿ. ಹೆತ್ತವಳು ನಾನು, ನನಗೆ ಅದು ನೆನಪೇ ಇರಲಿಲ್ಲ. ಮಗಳನ್ನು ಕಾಯುವ ಭರದಲ್ಲಿ ಎರಡು ತಿಂಗಳಿಂದ ಮಗನ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ. ಅಲ್ಲೇ ಕೂತು ಅತ್ತೆ. ಅಳುತ್ತಲೇ ಎಲ್ಲ ಒಪ್ಪಿಕೊಂಡೆ. "ನನಗ ನಿಮ್ಮ ಮ್ಯಾಲ ಹೊಟ್ಟಿಕಿಚ್ಚು ಇತ್ರಿ, ವಹಿನಿ. ಈಗೂ ಅದ."

ವಹಿನಿ ನಗಲಿಲ್ಲ. ಕಿರೀಟವನ್ನು ಹತ್ತಿಯಲ್ಲಿ ತಿರುಗಿ ಸುತ್ತುತ್ತ ಮೆಲ್ಲಗೆ ಹೇಳಿದರು, "ನನಗಿಲ್ಲ ಅಂತ ತಿಳ್ದೀ ಏನು? ದಿನಾ ಆಗ್ತದ. ಮುಂಜಾನಿಂದ ಆಕಿ ನನ್ನಾಕಿ. ದೀಪ ಹಚ್ಚೂ ಹೊತ್ತಿಗಿ ನೀ ಬಾಗಿಲದಾಗ ನಿಂತು ಸುಮಾ ಅಂತ ಒಂದೇ ಸಲ ಕೂಗ್ತಿ. ಎಷ್ಟೇ ಆಟದಾಗಿರಲಿ, ಎದ್ದು ಹೋಗಿಬಿಡ್ತಾಳ. ತಿರುಗಿ ಸೈತ ನೋಡಲ್ಲ. ಆಮ್ಯಾಲ ಇಡೀ ರಾತ್ರಿ ಈ ಮನಿ ನೋಡು, ಹೆಂಗಿರ್ತದ. ನೀ ಕೂಗಿದಾಗೊಮ್ಮೆ ನನ್ನ ಹೊಟ್ಟಿ ಉರೀತದ, ನೀಲಾ."

ನಾನು ದಿನಾ ಕೂಗುತ್ತಿದ್ದುದು ನಿಜ. ಮಗಳು ದಿನಾ ಬರುತ್ತಿದ್ದುದೂ ನಿಜ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ರಥಸಪ್ತಮಿಯ ದಿನ ಮಧ್ಯಾಹ್ನ ಅಂಗಳದಲ್ಲಿ ಜಮಖಾನೆ ಹಾಸಿ ಎರಡು ಮಣೆ ಹಾಕಿದರು. ಕರಿ ಅಂಗಿಯಲ್ಲಿ ಸುಮಾ ಬಲು ಚೆಂದ ಕಂಡಳು, ದೃಷ್ಟಿ ತೆಗೆಯಬೇಕಾಯಿತು. ಅವಳು ಯಾರೂ ಹೇಳದೆಯೇ ವಹಿನಿಯ ತೊಡೆ ಏರಿ ಕೂತಳು. ಶರಣು ನನ್ನ ತೊಡೆಯ ಮೇಲೆ ಕೂತು ಕಿರೀಟವನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದ್ದ. ಆಜಿ ಆರತಿ ಎತ್ತಿದರು. ವಹಿನಿಯ ಗಂಡ ಕಂಬಕ್ಕೊರಗಿ ನಿಂತು ಕೆಮ್ಮುವುದನ್ನೂ ಮರೆತು ನೋಡುತ್ತಿದ್ದರು. ಬೋರೆಹಣ್ಣು ಸುರಿದಾಗ ಸುಮಾ ಕೇಕೆ ಹಾಕಿ ನಕ್ಕಳು, ಒಂದು ತಿಂಗಳ ಮೇಲೆ ಕೇಳಿದ ನಗು. ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಸುಳ್ಳು ಯಾಕೆ ಬರೆಯಲಿ, ಆರತಿಯ ಹೊತ್ತಿಗೆ ಎಲ್ಲ ತಣ್ಣಗಾಯಿತು ಎಂದು? ಉರಿಯುತ್ತಿತ್ತು, ಆದರೂ ಕೂತೆ.

ಸಂಜೆಯಾಯಿತು. ದೀಪ ಹಚ್ಚಿದೆ. ಎದುರುಮನೆಯಲ್ಲಿ ಸುಮಾ ಬೆಕ್ಕಿನ ಮರಿಗಳಿಗೆ ಚುರುಮುರಿ ತಿನ್ನಿಸುವ ಗದ್ದಲ ಕೇಳುತ್ತಿತ್ತು. ಬಾಗಿಲವರೆಗೆ ಹೋದೆ. ಬಾಯಿ ತೆರೆದೆ. ಕರೆಯದೆ ಒಳಗೆ ಬಂದು ಕೂತೆ.

ನಮ್ಮವರು ಕೆಲಸದಿಂದ ಬಂದು ಸುತ್ತ ನೋಡಿದರು. "ಸುಮಾ ಎಲ್ಲಿ?"

"ಎದುರುಮನ್ಯಾಗ. ಇವತ್ತ ಅಲ್ಲೇ ಮಲಗ್ತಾಳ."

ಅವರು ನನ್ನ ಹಣೆ ಮುಟ್ಟಿ, ಜ್ವರ ಬಂದಿದೆಯೇ ಎಂದು ನೋಡಿದರು.

ಮದುವೆಯಾದ ಮೇಲೆ ಅಷ್ಟು ಉದ್ದದ ರಾತ್ರಿಯನ್ನು ನಾನು ಕಂಡಿರಲಿಲ್ಲ. ಶರಣು ಮಲಗಿದ್ದ, ಇವರು ಮಲಗಿದ್ದರು, ಹಾಸಿಗೆಯಲ್ಲಿ ನನ್ನ ಎಡಗಡೆಯ ಒಂದು ಮೊಳ ಜಾಗ ಖಾಲಿಯಿತ್ತು. ಬೆಳಗಿನ ಜಾವ ನಲ್ಲಿಗೆ ನೀರು ಬರುವ ಮೊದಲೇ ಎದ್ದು, ಶಾಲು ಹೊದ್ದು, ಥಂಡಿಯಲ್ಲಿ ಅಂಗಳಕ್ಕೆ ಬಂದು ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೊನೆಗೆ ಎದುರುಮನೆಯ ಅಗಳಿ ಸರಿಯಿತು. ಸಿಂಧೂವಹಿನಿ ಬಾಗಿಲು ತೆರೆದು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಗೊತ್ತಾತಾ, ನೀಲಾ?" ಎಂದರು.

"ಗೊತ್ತಾತ್ರಿ," ಎಂದೆ.